ಬಿಚ್ಚಿಬರುವ ಹೊಲಿಗೆ

ಇಸೊಲಿನಾ ಅತ್ತೆ ಹೊಲಿದ ಕೋಟನ್ನು ಓರ್ನೆಲ್ಲಾ ಹಾಗೆಯೇ ಮಾರಿದವಳಲ್ಲ. ಅತ್ತೆ ಅಂಗಡಿಯಿಂದ ಮನೆಗೆ ಹೊರಟದ್ದೇ ತಡ, ಆ ಹೊಲಿಗೆಯ ಮೇಲೆ ಪಾಲಿಯೆಸ್ಟರ್ ದಾರದ ಇನ್ನೊಂದು ಸಾಲು ಓಡಿಸಿಬಿಡುತ್ತಿದ್ದಳು. ಬಟ್ಟೆ ಹರಿದರೂ ತನ್ನ ಹೊಲಿಗೆ ಬಿಡುವುದಿಲ್ಲ ಎಂಬುದೇ ಅವಳ ಜಂಬ. ಅತ್ತೆಯದು ಹತ್ತಿ ದಾರ, ತುದಿ ಎಳೆದರೆ ಬಿಚ್ಚಿಬರುವ ಸರಪಳಿ ಹೊಲಿಗೆಯ ಓಬೀರಾಯನ ಕಾಲದ ಯಂತ್ರ. ನಲವತ್ತು ವರ್ಷ ಇಟಲಿಯ ಪ್ರಾತೊ ಪಟ್ಟಣದ ಗೋದಾಮಿನಲ್ಲಿ ಹಳೇ ಉಣ್ಣೆ ಬಟ್ಟೆಯ ಚಿಂದಿ ಬಿಡಿಸಿದ ಮುದುಕಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸೊಸೆ ಸುಮ್ಮನಿದ್ದಳು.

ಅಷ್ಟರಲ್ಲಿ ಹೊಸ ಕಾಯಿದೆ ಬಂತು. ಬಟ್ಟೆ ಮಾಡಿದವರೇ ಅದು ಹಳತಾದ ಮೇಲೂ ಅದರ ಹೊಣೆ ಹೊರಬೇಕು. ದೊಡ್ಡ ಕಂಪನಿಗಳಿಗೆ ಅದಕ್ಕೆಂದೇ ಜನರಿದ್ದಾರೆ. ಓರ್ನೆಲ್ಲಾಳಿಗೆ ಇದ್ದದ್ದು ಎರಡು ಯಂತ್ರ, ಒಬ್ಬಳು ಅತ್ತೆ, ಒಂದು ಬೆಕ್ಕು. ಊರಿನ ಸಣ್ಣ ತಯಾರಕರು ಸೇರಿ ಸಂಘ ಕಟ್ಟಿಕೊಂಡರು. ಎಲ್ಲರ ಹಳೇ ಕೋಟುಗಳನ್ನೂ ಚಿಂದಿ ವ್ಯಾಪಾರಿ ಲೊರಿಯಾನೊನ ಗೋದಾಮು ತೆಗೆದುಕೊಂಡು ಮತ್ತೆ ಉಣ್ಣೆ ಮಾಡುವುದೆಂದು ಮಾತಾಯಿತು. ಲೊರಿಯಾನೊ ಹಾಕಿದ್ದು ಒಂದೇ ಷರತ್ತು: ಕೋಟು ಅವನ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಬಿಡಿಬಿಡಿಯಾಗಬೇಕು. ಆಗದಿದ್ದರೆ ಸಂಘದಲ್ಲಿ ಜಾಗವಿಲ್ಲ. ಒಬ್ಬಳೇ ಆ ಹೊಣೆ ಹೊರುವುದು ಆಗದ ಮಾತು, ಕ್ರಿಸ್‌ಮಸ್‌ಗೆ ಮುಂಚೆ ಅಂಗಡಿಯ ಬಾಗಿಲು ಎಳೆಯುವುದೇ ಗತಿ.

ನವೆಂಬರಿನ ಒಂದು ಬೆಳಿಗ್ಗೆ ಅವಳು ತನ್ನ ಅತ್ಯುತ್ತಮ ಕೋಟನ್ನು ಹೊತ್ತು ಗೋದಾಮಿಗೆ ಹೋದಳು. ಕರೆಯದಿದ್ದರೂ ಅತ್ತೆ ಹಿಂದೆಯೇ ಬಂದಳು.

ಲೊರಿಯಾನೊ ಎಳೆದ, ಜಗ್ಗಿದ, ಬ್ಲೇಡು ಹಾಕಿದ. ದಾರ ಜಗ್ಗಲಿಲ್ಲ, ಪಕ್ಕದ ಉಣ್ಣೆಯೇ ಹರಿಯಿತು. ಹತ್ತು ನಿಮಿಷಕ್ಕೆ ಬಂದದ್ದು ಒಂದು ತೋಳು, ಅದರ ತುಂಬ ದಾರದ ಚೂರು.

“ನೀನು ಹೊಲ್ದಿರೋದು ಕೋಟೋ ಹಡಗೋ?” ಎಂದು ಅವನು ಬೆವರು ಒರೆಸಿಕೊಂಡ. ನಗುವಂತಿದ್ದರೂ ಅವನ ಮುಖದಲ್ಲಿ ಪಾಪ ಎನ್ನುವ ಭಾವವಿತ್ತು. ಓರ್ನೆಲ್ಲಾ ಹರಿದ ಉಣ್ಣೆಯನ್ನು ಎತ್ತಿ ನೋಡಿದಳು. ಇಷ್ಟು ವರ್ಷ ಯಾವುದನ್ನು ತನ್ನ ಹೆಮ್ಮೆ ಎಂದುಕೊಂಡಿದ್ದಳೋ ಅದೇ ಕುತ್ತಿಗೆಗೆ ಬಂದಿತ್ತು.

“ನೀನು ಹಾಕ್ಕೊಂಡಿದೀಯಲ್ಲ, ಅದನ್ನ ಬಿಚ್ಚಿ ಕೊಡು,” ಎಂದಳು ಅತ್ತೆ ಸೊಸೆಗೆ.

ಅದು ಏಳು ಚಳಿಗಾಲ ಕಂಡ ಕಂದು ಕೋಟು, ಹುಟ್ಟುಹಬ್ಬಕ್ಕೆ ಅತ್ತೆಯೇ ಹೊಲಿದುಕೊಟ್ಟದ್ದು. ಅತ್ತೆ ಅದರ ಕಾಲರಿನಡಿ ಬೆರಳಾಡಿಸಿ ಒಂದು ಗಂಟು ಹುಡುಕಿದಳು. ಮುಂದೆ ಬಿಚ್ಚುವವರಿಗೆ ಸಿಗಲೆಂದು ಚಿಂದಿಯವರು ದಾರದ ತುದಿಯನ್ನು ಅಲ್ಲಿಯೇ ಬಿಡುವುದು. ಗಂಟು ಬಿಚ್ಚಿ ಎಳೆದಳು. ಭುಜದಿಂದ ಅಂಚಿನವರೆಗೆ ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಆಮೇಲೆ ತೋಳು, ಆಮೇಲೆ ಅಸ್ತರು. ನಾಲ್ಕು ನಿಮಿಷದಲ್ಲಿ ಮೇಜಿನ ಮೇಲೆ ಶುದ್ಧ ಉಣ್ಣೆಯ ತುಂಡುಗಳು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ.

“ಒಂದೆರಡು ಎಳೆ ಉಳಿದ್ರೂ ಚಿಂತೆಯಿಲ್ಲ, ಹತ್ತಿ ಆಮ್ಲದ ತೊಟ್ಟೀಲಿ ಸುಟ್ಟುಹೋಗುತ್ತೆ, ಉಣ್ಣೆಗೇನೂ ಆಗಲ್ಲ. ಇವಳ ದಾರಕ್ಕೆ ಸಾವೇ ಇಲ್ಲ,” ಎಂದಳು ಮುದುಕಿ.

ಇನ್ನು ಮುಂದೆ ಎಲ್ಲ ಕೋಟೂ ಹೀಗೇ ಇರಬೇಕೆಂದು ಹೇಳಿ ಲೊರಿಯಾನೊ ಸಂಘದ ಕಾಗದಕ್ಕೆ ಸಹಿ ಹಾಕಿದ. ಓರ್ನೆಲ್ಲಾಳಿಗೆ ಹೋದ ಜೀವ ಬಂದಂತಾಯಿತು. ಅಂಗಡಿಯ ಕೋಟುಗಳ ಮೇಲುಹೊಲಿಗೆ ಬಿಚ್ಚಲು ಒಂದು ತಿಂಗಳಾದರೂ ಬೇಕು. ಆಗಲಿ, ಅಂಗಡಿ ಉಳಿಯಿತಲ್ಲ.

ಕೋಟಿಲ್ಲದೆ, ಅತ್ತೆಯ ಶಾಲಿನ ಅರ್ಧ ಹೊದ್ದು, ನಡುಗುತ್ತ ನಗುತ್ತ ಮನೆ ಕಡೆ ನಡೆದಳು.

“ನಾನು ಮೇಲೆ ಹೊಲೀತಿದ್ದಿದ್ದು ನಿಂಗೆ ಗೊತ್ತಿತ್ತಾ ಅತ್ತೆ?”

“ಕಣ್ಣು ಮಂಜಾಗಿದೆ, ಬೆರಳು ಮಂಜಾಗಿಲ್ಲ.”

“ಮತ್ತೆ ಬೈಲಿಲ್ಲ ಯಾಕೆ?”

“ನಿನ್ನ ಕೋಟಿನ ಮೇಲೆ ಹೊಲೀಲಿಲ್ವಲ್ಲ. ಅಷ್ಟಾದ್ರೂ ನಂಬಿಕೆ ಇದೆ ಅಂದ್ಕೊಂಡೆ.”

ಅದು ನಂಬಿಕೆಯಲ್ಲ, ಮಾರುವ ಕೋಟಲ್ಲವೆಂಬ ಬರೀ ಸೋಮಾರಿತನವಾಗಿತ್ತು. ಓರ್ನೆಲ್ಲಾ ಶಾಲನ್ನು ಅತ್ತೆಯ ಕಡೆಗೆ ಇನ್ನಷ್ಟು ಎಳೆದು ಹೊದಿಸಿದಳು.