ತಿರುಗಿ ಮಾಡಿದ ಫೋನು

"ಏ ಚೈನಾ, ಮೂಲೇಲಿ ಕವಳ ಉಗಿದ ಕಲೆ ನಿನ್ನಪ್ಪ ಬಂದು ಉಜ್ತಾನಾ? ಬಗ್ಗು ಲೌಡಿ!"

ಜವಳಿ ಅಂಗಡಿಯ ಪರಮೇಶ್ವರಪ್ಪ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ತುದಿಯಲ್ಲಿ ಕಲೆ ತೋರಿಸಿದ. ಡೋಲ್ಮಾ ಬಗ್ಗಿದಳು. ನಾನು ನೀರು ಸುರಿದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಈ ಅಂಗಡಿಯ ಮುಂದೆ ನಾನು ಬುಟ್ಟಿ, ಮೊರ ಮಾರುತ್ತೇನೆ. ಚಳಿಗಾಲದ ಎರಡು ತಿಂಗಳು ಅವಳು ಸ್ವೆಟರ್ ಮಾರುತ್ತಾಳೆ. ಕೂರಲು ಬಿಟ್ಟದ್ದಕ್ಕೆ ದಿನಾ ಬೆಳಿಗ್ಗೆ ಇಬ್ಬರೂ ಅವನ ಅಂಗಡಿ ತೊಳೆಯಬೇಕು. ರಸ್ತೆಯೇನು ಅವನಪ್ಪನ ಆಸ್ತಿಯಲ್ಲ. ಹಾಗೆಂದು ಅವನೆದುರು ಹೇಳುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಡೋಲ್ಮಾ ಚೈನಾದವಳಲ್ಲ, ಟಿಬೆಟ್ಟಿನವಳು. ಚೈನಾದ ಸೈನ್ಯ ಕೂತಿದ್ದ ಊರಿನಿಂದ ಹದಿನಾಲ್ಕನೇ ವಯಸ್ಸಿಗೆ ಹಿಮದ ಗುಡ್ಡ ದಾಟಿ ಬಂದು ಬೈಲಕುಪ್ಪೆ ಸೇರಿದವಳು. ಯಾರಿಗೆ ಹೆದರಿ ಓಡಿಬಂದಳೋ ಅವರ ಹೆಸರಲ್ಲೇ ಕೊಪ್ಪದವರು ಅವಳನ್ನು ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದಳು. ಈಗ ಓಗೊಡುತ್ತಾಳೆ.

ತಂಗಿ ಪೆಮಾ ಅಲ್ಲೇ ಉಳಿದಳು. ಇಬ್ಬರೂ ಮಾತಾಡಿ ಒಂಬತ್ತು ವರ್ಷವಾಗಿತ್ತು. ಈ ಮಾತು ನಡೆದ ವರ್ಷ, ಎರಡು ಸಾವಿರದ ಎಂಟರಲ್ಲಿ, ಅಲ್ಲಿ ದೊಡ್ಡ ಗಲಾಟೆಯಾಗಿತ್ತು. ಹೊರದೇಶದಲ್ಲಿ ನೆಂಟರಿದ್ದಾರೆಂದು ಗೊತ್ತಾದರೆ ಎಳೆದೊಯ್ಯುತ್ತಿದ್ದರಂತೆ. ಆದರೂ ಪೆಮಾ ಯಾರ್ಯಾರದೋ ಬಾಯಲ್ಲಿ ಹೇಳಿಕಳಿಸಿದ್ದಳು: ಮಂಗಳವಾರ ಹತ್ತು ಗಂಟೆಗೆ, ಬೇರೆಯವರ ಫೋನಿನಿಂದ, ಒಂದೇ ಒಂದು ಸಲ ಮಾಡುತ್ತೇನೆ; ನೀನು ಮಾತ್ರ ಎಂದಿಗೂ ಈ ಕಡೆ ಮಾಡಬೇಡ. ಡೋಲ್ಮಾಳ ನಿರಾಶ್ರಿತರ ಕಾಗದಕ್ಕೆ ಯಾರೂ ಸಿಮ್ ಕೊಟ್ಟಿರಲಿಲ್ಲ. ಹಾಗಾಗಿ ಎದುರಿನ ಎಸ್‌ಟಿಡಿ ಬೂತಿನ ನಂಬರನ್ನೇ ಕಳಿಸಿದ್ದಳು.

ಆ ಮಂಗಳವಾರ ಬಂದಿತ್ತು.

"ಸಾವ್ಕಾರ್ರೆ, ಹತ್ತಾಗ್ತಾ ಬಂತು. ತಂಗಿ ಫೋನ್ ಮಾಡ್ತಾಳೆ. ಮಾತಾಡಿ ಬಂದು ಉಜ್ತೀನಿ," ಎಂದಳು.

"ಓಹೋ, ನಿಂಗೆ ಫೋನ್ ಬೇರೆ! ಹೋಗು. ಬರೋದ್ರೊಳಗೆ ನಿನ್ ಸ್ವೆಟರ್ ಗಂಟು ಚರಂಡೀಲಿ ಇರ್ತದೆ."

"ನಾ ಉಜ್ತೀನಿ ಒಡೆಯಾ. ಅವ್ಳು ಹೋಗ್ಲಿ," ಎಂದೆ ನಾನು.

"ನಿನ್ನ ಕೇಳಿದ್ನೇನೆ? ಬಿದಿರು ಸೀಳೋ ಮುಂಡೆಗೆ ಬಾಯಿ ನೋಡು!"

ಎದುರಿನ ಬೂತಿನಲ್ಲಿ ಫೋನು ಬಡಿದುಕೊಂಡಿತು. ಡೋಲ್ಮಾ ತಲೆ ಎತ್ತಿದಳು. ಅವನು ಚಪ್ಪಲಿ ಕಾಲನ್ನು ಗಂಟಿನ ಮೇಲಿಟ್ಟ. ಅವಳ ವರ್ಷದ ಅನ್ನ ಆ ಗಂಟಿನಲ್ಲಿತ್ತು. ಫೋನು ನಿಂತಿತು. ಬಕೆಟ್ಟನ್ನು ಅವನ ತಲೆಗೆ ಕವುಚಬೇಕೆನಿಸಿತು ನನಗೆ. ಕವುಚಲಿಲ್ಲ; ನಾಳೆ ನಾನೂ ಅಲ್ಲೇ ಕೂರಬೇಕಲ್ಲ.

ಕಲೆ ಪೂರ್ತಿ ಹೋದ ಮೇಲೆಯೇ ಅವನು ನಮ್ಮನ್ನು ಬಿಟ್ಟದ್ದು.

ಬೂತಿನ ಗಜಾನನ ಒಳ್ಳೆಯವನು. ನಮ್ಮಂಥವರಿಗೂ ಸ್ಟೂಲು ಕೊಡುತ್ತಾನೆ. ತಂಗಿಯ ಫೋನು ಬರುತ್ತದೆಂದು ಡೋಲ್ಮಾ ವಾರದಿಂದ ಅವನ ಹತ್ತಿರ ಹೇಳಿಕೊಂಡು ಕುಣಿದಿದ್ದಳು. ಆ ಕಡೆಗೆ ಫೋನ್ ಮಾಡಬಾರದೆಂಬುದನ್ನು ಮಾತ್ರ ಹೇಳಿರಲಿಲ್ಲ.

"ಎಲ್ಲಿಗ್ ಹೋಗಿದ್ಯೆ ಮಾರಾಯ್ತಿ? ನಾ ಹಲೋ ಅಂದ್ಕೂಡ್ಲೆ ಕಟ್ ಆಯ್ತು. ಪಾಪ, ಅಷ್ಟು ದೂರದಿಂದ ಮಾಡಿದ್ದು ಅಂತ ಫೋನಲ್ಲಿ ಬಿದ್ದಿದ್ದ ನಂಬರಿಗೆ ನಾನೇ ತಿರುಗಿ ಮಾಡ್ದೆ. ಒಬ್ಬ ಗಂಡಸು ಎತ್ತಿ ಇಂಗ್ಲಿಷಲ್ಲಿ ಯಾರು, ಎಲ್ಲಿಂದ ಅಂತ ಕೇಳ್ದ. ಪೆಮಾನ ಅಕ್ಕ, ಇಂಡಿಯಾದಲ್ಲಿದಾಳೆ ಅಂತ ಎಲ್ಲಾ ಬಿಡಿಸಿ ಹೇಳಿದೀನಿ. ಈಗ ಮಾಡ್ತಾರೆ, ಕೂತ್ಕೋ."

ಡೋಲ್ಮಾ ಸ್ಟೂಲು ಬಿಟ್ಟು ನೆಲದ ಮೇಲೆ ಕೂತಳು.

"ಎಂತ ಆಯ್ತೆ?" ಗಜಾನನ ಗಾಬರಿಯಾದ. ಅವಳು ಅವನಿಗೆ ಒಂದು ಮಾತೂ ಬೈಯಲಿಲ್ಲ. ಬೈಯಲಿಕ್ಕೆ ಅವನು ಕೆಟ್ಟದ್ದೇನು ಮಾಡಿದ್ದ?

ಫೋನು ಬಂತು. ರಿಸೀವರ್ ಕಿವಿಗಿಟ್ಟಳು. ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಒಬ್ಬ ಗಂಡಸು ಅವರ ಭಾಷೆಯಲ್ಲಿ ಏನೋ ಕೇಳುತ್ತಿದ್ದ.

"ಯಾರ್ರೀ? ಎಂತ ಬೇಕು?" ಎಂದಳು ಡೋಲ್ಮಾ ಕನ್ನಡದಲ್ಲಿ. "ನಿಮ್ ಭಾಷೆ ತಿಳಿಯಲ್ಲ. ನಾನು ಬುಟ್ಟಿ ಮಾರೋ ಯಮುನಮ್ಮ."

ಅದು ನನ್ನ ಹೆಸರು. ಅವಳಿಗೆ ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ, ಇಟ್ಟುಕೊಳ್ಳಲಿ.

ಆ ಕಡೆ ಫೋನು ಕೈ ಬದಲಾದ ಸದ್ದಾಯಿತು. ಆಮೇಲೆ ಒಂದು ಹೆಣ್ಣಿನ ದನಿ. ಅಳುತ್ತಿತ್ತು.

"ಆಚಾ... ಆಚಾ..."

ಆಚಾ ಅಂದರೆ ಅಕ್ಕ. ಡೋಲ್ಮಾಳೇ ನನಗೆ ಕಲಿಸಿದ್ದಳು. ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಬೀದಿಜಗಳದ ಗಂಟಲು ತೆಗೆದು, ಬೈಯುವ ಹಾಗೆಯೇ ಕೂಗತೊಡಗಿದಳು.

"ಏ, ಉಂಡ್ಯೇನೆ? ಹೊಡೆದ್ರೇನೆ ನಿಂಗೆ? ಅವ್ವ ಇದಾಳಾ, ಸತ್ತಳಾ? ನೀ ಮಲಗಿದ್ದಾಗ ಬಿಟ್ಟು ಬಂದೆ, ತಪ್ಪಾಯ್ತು ಕಣೆ! ಎಬ್ಬಿಸಿದ್ರೆ ಅಳ್ತಿದ್ದೆ, ಎಲ್ರೂ ಸಿಕ್ಕಿಬೀಳ್ತಿದ್ವು! ಕೇಳ್ತಾ? ರಾಂಗ್ ನಂಬರ್! ರಾಂಗ್ ನಂಬರ್!"

ಆ ಕಡೆಯಿಂದ ಕಟ್ಟಾಯಿತು. ಅವಳು ರಿಸೀವರನ್ನು ಇನ್ನೂ ಕಿವಿಗೆ ಒತ್ತಿ ಹಿಡಿದಿದ್ದಳು. ಗಜಾನನ ಮೆಲ್ಲಗೆ ಕೇಳಿದ.

"ನಿನ್ ತಂಗಿಗೆ ಕನ್ನಡ ಬರ್ತದೇನೆ?"

"ಇಲ್ಲ," ಎಂದಳು.