ಉಸಿರಿನ ಸರದಿ

ವೃಂದಗಾನವೆಂದರೆ ಹಾಡಕ್ಕನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೂವತ್ತು ವರ್ಷ ಒಬ್ಬಳೇ ಕೂತು ಶಾಸ್ತ್ರೀಯ ಸಂಗೀತ ಹಾಡಿದವಳು. ಬೀದಿಯವರು ಅವಳ ನಿಜವಾದ ಹೆಸರನ್ನು ಮರೆತೇ ಬಿಟ್ಟಿದ್ದರು. ಅವಳ ಪ್ರಕಾರ ಸಂಗೀತಕ್ಕೆ ಬೇಕಾದದ್ದು ಒಂದು ಚಿಕ್ಕ ಕೋಣೆ, ಒಂದು ಗಂಟಲು, ಬಾಯಿ ಮುಚ್ಚಿಕೊಂಡು ಕೂರುವ ಇಪ್ಪತ್ತು ಜನ. ಮೈಕು ಕಂಡರೆ ಮೂಗು ಮುರಿಯುತ್ತಿದ್ದಳು. ನಲವತ್ತು ಜನ ಸಾಲಾಗಿ ನಿಂತು ಹಾಡಿದರಂತೂ, "ಅದೇನು ಹಾಡೋ, ಬಸ್ಸು ಹತ್ತೋ ಗಲಾಟೆಯೋ" ಎನ್ನುತ್ತಿದ್ದಳು.

ಅವಳ ತಂಗಿ ದರ್ಜಿ. ಊರಿನ ಗಾಯನವೃಂದದ ನಿಲುವಂಗಿಗಳೆಲ್ಲ ಅವಳ ಕೈಯವೇ. ಅವಳ ರುಚಿಯೇ ಬೇರೆ.

"ಒಬ್ಬರೇ ಹಾಡ್ತಿದ್ರೆ ನಂಗೆ ಎದೆ ಡವಡವ ಅನ್ನುತ್ತೆ ಕಣೇ, ಎಲ್ಲಿ ಜಾರಿಬಿಡ್ತಾರೋ ಅಂತ. ನಲವತ್ತು ಜನ ಇದ್ರೆ ನೆಮ್ಮದಿಯಾಗಿ ಕೇಳ್ಬಹುದು."

"ನೆಮ್ಮದಿ ಬೇಕಾದ್ರೆ ಮನೇಲಿ ಮಲ್ಕೋ," ಎನ್ನುತ್ತಿದ್ದಳು ಹಾಡಕ್ಕ.

ಹೀಗೆ ಜಂಭದಿಂದ ಇದ್ದವಳ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಮೇಲೆ ತಂಗಿ ಅವಳ ಎದೆಯ ಅಳತೆ ತೆಗೆದಳು. ಹಾಡುವವರಿಗೆ ಅವಳು ಎರಡು ಸಲ ಟೇಪು ಹಿಡಿಯುತ್ತಾಳೆ, ಉಸಿರು ತುಂಬಿಕೊಂಡಾಗ ಒಮ್ಮೆ, ಬಿಟ್ಟಾಗ ಒಮ್ಮೆ. ಅಕ್ಕನಿಗೆ ಮೊದಲು ಮೂರು ಇಂಚು ವ್ಯತ್ಯಾಸ ಬರುತ್ತಿತ್ತು. ಈಗ ಬಂದದ್ದು ಒಂದೇ ಇಂಚು. ತಂಗಿ ಟೇಪು ಸುತ್ತಿಟ್ಟಳು. ಹಾಡಕ್ಕನಿಗೆ ಹೇಳುವುದೇನಿತ್ತು? ಅರ್ಧ ಆಲಾಪಕ್ಕೇ ಏದುಸಿರು ಬರುತ್ತಿದ್ದುದು ಅವಳಿಗೇ ಗೊತ್ತಿತ್ತು. ಹಾಡುವ ಕೋಣೆಗೆ ಬೀಗ ಹಾಕಿ, ಶಿಷ್ಯರಿಗೆ ಬರಬೇಡಿ ಎಂದಳು.

ತಂಗಿ ಹಿಡಿದ ಪಟ್ಟು ಬಿಡುವವಳಲ್ಲ. ನಾಲ್ಕು ತಿಂಗಳು ತಲೆ ತಿಂದು, ಅಕ್ಕನನ್ನು ಗಾಯನವೃಂದದ ಅಭ್ಯಾಸಕ್ಕೆ ಎಳೆದುಕೊಂಡೇ ಹೋದಳು. ಹಾಡಕ್ಕನನ್ನು ನಿಲ್ಲಿಸಿದ್ದು ಮೂರನೇ ಸಾಲಿನಲ್ಲಿ, ಬೇಕರಿಯಾಕೆಯ ಪಕ್ಕ. ಆಕೆಯದು ದಪ್ಪ ಗಂಟಲು, ಕೈಗೆ ಸದಾ ಹಿಟ್ಟಿನ ವಾಸನೆ.

ವೃಂದಕ್ಕೆ ಹಾಡು ಕಲಿಸುವ ಮೇಷ್ಟ್ರು ಎಲ್ಲರಿಗೂ ಪೆನ್ಸಿಲ್ ಹಂಚಿದರು. "ಉಸಿರು ಎಲ್ಲಿ ತಗೋತೀರೋ ಅಲ್ಲಿ ಗುರುತು ಹಾಕ್ಕೊಳ್ಳಿ. ಪಕ್ಕದವರು ತಗೊಳ್ಳೋ ಕಡೆ ನೀವು ತಗೋಬಾರದು. ಯಾರು ಬಿಟ್ರೂ ಸ್ವರ ಕಡಿಯಬಾರದು, ಅಷ್ಟೇ."

ಕಡೆಯ ಹಾಡಿನ ಕೊನೆಗೆ ಹದಿನಾರು ಎಣಿಕೆಯ ಒಂದೇ ಸ್ವರವಿತ್ತು. ಅದರ ನಡುವೆ ಉಸಿರು ತೆಗೆದುಕೊಳ್ಳುವುದೇ? ಹಾಗೆ ಮಾಡಿದ ಎಷ್ಟು ಶಿಷ್ಯರನ್ನು ಅವಳು ಅಳಿಸಿಲ್ಲ! ಹಾಡಕ್ಕ ಗುರುತು ಹಾಕಲಿಲ್ಲ. ಏಳನೇ ಎಣಿಕೆಗೆ ಉಸಿರು ಮುಗಿಯುತ್ತಿತ್ತು. ಆಮೇಲೆ ಬರೀ ಬಾಯಿ ತೆರೆದು ನಿಲ್ಲುತ್ತಿದ್ದಳು. ಯಾರಿಗೂ ತಿಳಿಯದು ಎಂದುಕೊಂಡಿದ್ದಳು. ಒಂದು ದಿನ ಬೇಕರಿಯಾಕೆ ಕೈಚಾಚಿ, ಅವಳ ಹಾಳೆಯಲ್ಲಿ ಏಳರ ಮೇಲೆ ಪುಟ್ಟದೊಂದು ಗೆರೆ ಎಳೆದಳು. ಹಾಡಕ್ಕನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಅದನ್ನು ಅಳಿಸಿ ಹಾಕಿದಳು.

ಕಾರ್ಯಕ್ರಮದ ದಿನ ನಿಲುವಂಗಿಯ ಗುಂಡಿ ಹಾಕುತ್ತಿದ್ದ ತಂಗಿಗೆ ಹೇಳಿದಳು: "ನೋಡು, ಇವತ್ತೂ ಬರೀ ಬಾಯಿ ಆಡಿಸೋ ಹಾಗಾದ್ರೆ ಇನ್ಮುಂದೆ ನನ್ನ ಹಾಡು ಅಂತ ಕೇಳ್ಬೇಡ. ಮುಗೀತು ಅಂದ್ಕೋ."

ತಂಗಿ ಬೆಚ್ಚಿದಳು. ಅಕ್ಕ ಮಾತಿಗೆ ತಪ್ಪುವವಳಲ್ಲ.

ಸಭೆ ತುಂಬಿತ್ತು. ಉಳಿದ ಹಾಡುಗಳು ಹೇಗೋ ದಾಟಿದವು. ಕೊನೆಯ ಸ್ವರ ಬಂತು. ಹಾಡಕ್ಕ ಕಣ್ಣು ಮುಚ್ಚಿ ಹಿಡಿದಳು. ಐದು, ಆರು. ಏಳಕ್ಕೆ ಎದೆ ಬರಿದಾಯಿತು. ಪಕ್ಕೆಗೆ ಬೇಕರಿಯಾಕೆಯ ಮೊಣಕೈ ಮೆಲ್ಲಗೆ ತಾಗಿತು. ಮೂವತ್ತು ವರ್ಷದ ಹಟವೆಲ್ಲ ಅಡ್ಡ ಬಂದರೂ ಹಾಡಕ್ಕ ಬಿಟ್ಟೇಬಿಟ್ಟಳು, ಸ್ವರದ ನಟ್ಟನಡುವೆ ಉಸಿರೆಳೆದುಕೊಂಡಳು. ಸ್ವರ ಎಲ್ಲಿಗೂ ಹೋಗಿರಲಿಲ್ಲ. ಅವಳು ಬಿಟ್ಟ ಜಾಗದಲ್ಲೇ ಸುತ್ತಲೂ ತುಂಬಿಕೊಂಡಿತ್ತು. ಸದ್ದಿಲ್ಲದೆ ಮತ್ತೆ ಸೇರಿಕೊಂಡು ಹದಿನಾರರವರೆಗೂ ಹಾಡಿದಳು. ಆರು ತಿಂಗಳಲ್ಲಿ ಅಷ್ಟು ಸುಖ ಅವಳಿಗೆ ಸಿಕ್ಕಿರಲಿಲ್ಲ.

ಒಳಕೋಣೆಯಲ್ಲಿ ಎಲ್ಲರೂ ನಿಲುವಂಗಿ ಕಳಚುತ್ತಿದ್ದಾಗ ಹಾಡಕ್ಕ ಜನರನ್ನು ತಳ್ಳಿಕೊಂಡು ಬೇಕರಿಯಾಕೆಯ ಹತ್ತಿರ ಬಂದು ಆಕೆಯ ಕೈ ಹಿಡಿದಳು. ಧನ್ಯವಾದ ಹೇಳಿ ಅಭ್ಯಾಸವಿಲ್ಲದವಳು, ನಾಲಿಗೆ ತಡವರಿಸಿತು.

"ನೀವು ಸ್ವರ ಬಿಡದೆ ಹಿಡ್ಕೊಂಡಿದ್ದಕ್ಕೆ ನಾನು ಉಳ್ಕೊಂಡೆ. ಈ ಉಪಕಾರ ನಾನು ಮರೆಯಲ್ಲ."

"ಅಯ್ಯೋ, ಹಾಡಕ್ಕ, ನಾನೆಲ್ಲಿ ಕೊನೇತನಕ ಹಿಡಿದೆ?" ಬೇಕರಿಯಾಕೆ ನಕ್ಕಳು. "ಹನ್ನೆರಡಕ್ಕೆ ನಂದೂ ಖಾಲಿ. ನನ್ನ ಆ ಕಡೆಯವಳು ಇವತ್ತು ಬಂದಿಲ್ಲ, ನೋಡಿದ್ರಲ್ಲ? ಈ ಕಡೆ ನಿಮ್ಮ ದನಿ ಗಟ್ಟಿಯಾಗಿ ಕೇಳ್ತಿತ್ತು. ನೀವಿದ್ದೀರಲ್ಲ ಅಂತ ಧೈರ್ಯವಾಗಿ ಬಿಟ್ಟೆ."

ಹಾಡಕ್ಕ ಆಕೆಯ ಕೈ ಬಿಡಲೇ ಇಲ್ಲ. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು.