ಕಸಾರ್‌ಗೆ ಅಂಟುವ ಬಾಲ

ಮೆ ಹಚ್ಚು ಅಂದ್ರೆ ತೆ ಹಚ್ಚಿ ಬಂದ್ಯಲ್ಲ ಮಾವ, ತಲೆಯಲ್ಲಿ ಎಂತ ಇದೆ ನಿಂಗೆ, ಎಂದು ಕೊಪ್ಪದ ಮನೆಯ ಜಗಲಿಯಲ್ಲಿ ರೇಖಾ ಸಿಡಿದಳು, ಮುಚ್ಚು ಬಾಯಿ, ಕಲಿಸಿದವಳು ನೀನೇ, ಎಂದು ದೇವರಾಜ ಗುಡುಗಿದ — ತಂಗಿಯ ಮಗಳು, ಫೋನಿನಲ್ಲಿ ಊರಿಗೆಲ್ಲ ಸ್ಪ್ಯಾನಿಷ್ ಪಾಠ ಹೇಳುವವಳು, ಸ್ವಂತ ಮಾವನಿಗೆ ಒಂದು ವಾಕ್ಯ ನೆಟ್ಟಗೆ ಕಲಿಸಲಾರಳೇ, ಕಸಾರ್ ಅಂದರೆ ಮದುವೆ ಮಾಡುವುದು, ಅದರ ಬಾಲಕ್ಕೆ ನಾನು ನೀನು ಎಲ್ಲ ಅಂಟಿಕೊಳ್ಳುತ್ತವಂತೆ, ಕಿಯೆರೊ ಅಂದರೆ ಬೇಕು, ಮೆ ಅಂದರೆ ನಾನು, ತೆ ಅಂದರೆ ನೀನು, ಸರಿ, ಬೇಕಾದವಳು ಪಿಲಾರ್, ಅವಳಿಗೆ ನೀನು ಅನ್ನಬೇಕು ತಾನೆ, ಅದಕ್ಕೇ ತೆ ಹಚ್ಚಿದ, ಕಿಯೆರೊ ಕಸಾರ್ತೆ, ನಿನ್ನೆ ಕಿಗ್ಗದ ಚಹಾ ಅಂಗಡಿಯಲ್ಲಿ ಪಿಲಾರ್ ಮುಂದೆ ಎಷ್ಟು ಚಂದವಾಗಿ ಹೇಳಿದ — ಪಿಲಾರ್, ಸಿರಿಮನೆ ಕಾಡಿನ ಕಪ್ಪೆಗಳ ಕೂಗು ರೆಕಾರ್ಡ್ ಮಾಡಲು ಸ್ಪೇನಿನಿಂದ ಬಂದು ಎರಡು ವರ್ಷದಿಂದ ಅವನ ಬಾಡಿಗೆ ಜೀಪಿನಲ್ಲೇ ತಿರುಗುವವಳು, ಗುಂಡಿ ಹಾರಿದಾಗೆಲ್ಲ ಕಿಲಕಿಲ ನಗುವವಳು, ಕನ್ನಡದಲ್ಲಿ ಮೊದಲು ಕಲಿತದ್ದೇ ಅವನ ಬೈಗುಳ — ಲೋಟ ಕೆಳಗಿಟ್ಟು ಕೊನ್ ಕಿಯೆನ್ ಅಂದಳು, ಅವನಿಗೆ ತಲೆಬುಡ ತಿಳಿಯಲಿಲ್ಲ, ಗಲ್ಲಾದ ಹಿಂದಿದ್ದ ಬೋಳುತಲೆಯ ಮಂಜಯ್ಯನತ್ತ ಬೆರಳು ಮಾಡಿದಳು, ಸಾಕ್ಷಿಗೆ ಇವನಾದರೆ ಆದೀತೇ ಅನ್ನುತ್ತಾಳೆಂದುಕೊಂಡು ದೇವರಾಜ ಸಿ ಸಿ, ಹೌದು ಹೌದು, ಅಂದುಬಿಟ್ಟ, ಅವಳು ಎದ್ದವಳೇ ಶೃಂಗೇರಿ ಬಸ್ಸು ಹತ್ತಿದಳು.

ಅಯ್ಯೋ ಮಾವ, ನಿಂಗೆ ಮದುವೆ ಮಾಡಿಸ್ತೇನೆ ಅಂದ ಹಾಗಾಯ್ತು, ಯಾರ ಜೊತೆ ಅಂತ ಕೇಳಿದಾಳೆ, ಅವಳು ಮಂಜಯ್ಯನ್ನ ತೋರಿಸಿದ್ದಕ್ಕೆ ನೀನು ಹೌದು ಅಂದಿದೀಯ, ರೇಖಾ ಈಗ ಹೊಟ್ಟೆ ಹಿಡಿದು ನಗುತ್ತಾಳೆ, ನಮ್ಮಲ್ಲಿ ಮಾಡು, ಮಾಡಿಕೊ ಇಲ್ವಾ, ಆ ಕೊ ಇದ್ದ ಹಾಗೆ ಈ ಮೆ, ಕಸಾರ್ಮೆ, ಆಮೇಲೆ ಕೊಂತಿಗೊ, ನಿನ್ನ ಜೊತೆ — ಥತ್, ಒಂದು ಕೊ ಬಿಟ್ಟದ್ದಕ್ಕೆ ಮೊಮ್ಮಕ್ಕಳಿರುವ ಮಂಜಯ್ಯ ಮದುಮಗನಾದನೇ, ಅವಳು ಇನ್ನು ಬಾರದೇ ಹೋದರೆ, ಜೀಪಿನ ಮುಂದಿನ ಸೀಟಿನಲ್ಲಿ ಯಾರೋ ಕೂತು ಎಸಿ ಇಲ್ವಾ ಎಂದು ಕೇಳಿದರೆ, ಮೆ ಮುಂದೆ ಬೇಕಾದ್ರೂ ಇಡು ಮಾವ, ಮೆ ಕಿಯೆರೊ ಕಸಾರ್, ಬಾಲಕ್ಕೆ ಬೇಕಾದ್ರೂ ಅಂಟಿಸು, ನಡುವೆ ಮಾತ್ರ ತುರುಕಬೇಡ, ಎಂತ ಮಾರಾಯ್ತಿ, ಬಸ್ಸಿನ ಸೀಟಾ ಇದು, ಎನ್ನುವಷ್ಟರಲ್ಲಿ ಗೇಟು ಕಿರ್ರೆಂದಿತು, ಪಿಲಾರ್, ಮೂಗಿನ ತುದಿ ಕೆಂಪು, ರೇಖಾಳಿಂದಲೇ ಅರ್ಥ ಕೇಳಲು ಬಂದಿರಬೇಕು, ಅವನು ಎದ್ದು ನಿಂತ, ಕಿಯೆರೊ ಕಸಾರ್ — ನಾಲಿಗೆ ತಡೆಯಿತು, ಹಾಳಾದ್ದು ಎಲ್ಲಿ ಹೋಯಿತು — ಮೆ, ಕಸಾರ್ಮೆ, ಕೊಂತಿಗೊ, ಅವಳು ನೋಡಿಯೇ ನೋಡಿದಳು, ಮಂಜಯ್ಯ ನೋ? ನೋ, ಅವನಜ್ಜಿ ತಲೆ, ಅವಳು ನಕ್ಕಳು, ಗುಂಡಿ ಹಾರಿದಾಗ ನಗುವ ಹಾಗೆಯೇ, ಕಸಾರ್ನೊಸ್ ಅಂದಳು, ಇದ್ಯಾವ ಹೊಸ ಬಾಲವೇ ರೇಖಾ, ನಾವಿಬ್ಬರೂ ಅಂತ ಮಾವ, ಎಂದ ರೇಖಾಳ ದನಿ ಒದ್ದೆಯಾಗಿತ್ತು, ಪಿಲಾರ್ ಜೀಪಿನತ್ತ ನಡೆದಳು, ಅವನೂ ಇಳಿದು ನಡೆದ, ಪಾಠ ಮುಗೀಲಿಲ್ಲ ಮಾವ, ವಾಪಸ್ ಬಾ, ಬರಲಿಲ್ಲ, ಯಾಕೆ ಬರಬೇಕು, ಮುಂದೆ ಅವಳ ಬೂಟಿನ ದಾರ ಬಿಚ್ಚಿಕೊಂಡು ಮಣ್ಣಿನಲ್ಲಿ ಎಳೆದಾಡುತ್ತಿದೆ, ಎಡಗಾಲಿನದು, ಹೇಳಬೇಕು, ದಾರಕ್ಕೆ ಅವರಲ್ಲಿ ಎಂತ ಅಂತಾರೋ, ಎಡಗಾಲು, ದಾರ, ಕೆಂಪು ದಾರ —